ಅಕ್ಕ ಬಣ್ಣ ಹಚ್ಚಿದ ಸ್ಟೇರಿಂಗು

ಅವಲಪಲ್ಲಿಯ ನಮ್ಮ ಮನೆಯ ಕಿಟಕಿ ಸರಳುಗಳಿಗೆ ನಿನ್ನೆಯಿಂದ ನಾನೇ ಬಣ್ಣ ಹಚ್ಚುತ್ತಿದ್ದೇನೆ. ಸರಳಿಗಿಂತ ನನ್ನ ಮೂಗಿಗೇ ಹೆಚ್ಚು ಹತ್ತಿದೆ, ನಗಬೇಡಿ. ಆ ವಾಸನೆಗೆ ನಮ್ಮಕ್ಕ ಕಣ್ಣೆದುರು ಬಂದು ನಿಂತಳು.

ಎರಡನೇ ಮಹಾಯುದ್ಧದ ಕಾಲ ಅದು. ಭಾವ ಹೊಸೂರಿನಲ್ಲಿ ಡಾಕ್ಟರು; ನಾನೂ ಆಗ ಅಕ್ಕನ ಮನೆಯಲ್ಲೇ ಇದ್ದೆ. ಬಿಳಿ ದೊರೆಯೊಬ್ಬ ಮಾರಿಹೋಗಿದ್ದ ಹಳೇ ಕಾರಿನಲ್ಲಿ ಕೆಲಮಂಗಲದವರೆಗೂ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಬಿಸಿಲಿಗೆ ಅದರ ಸ್ಟೇರಿಂಗ್ ಚಕ್ರದ ಗಟ್ಟಿ ರಬ್ಬರು ಬಿರುಕುಬಿಟ್ಟು, ಒಂದು ದಿನ ಭಾವನ ಅಂಗೈಯನ್ನೇ ಸೀಳಿತು. ಹೊಸದು ಮದರಾಸಿನಲ್ಲೂ ಸಿಗದು. ಗಾಯವೇನೋ ಮಾಗಿತು, ಆದರೆ ಬಿಗಿಯಾಗಿ ಚಕ್ರ ಹಿಡಿದರೆ ಮತ್ತೆ ಬಿರಿಯುತ್ತಿತ್ತು. ಕೀವಾದ ಕೈಯಲ್ಲಿ ಬಸುರಿಯನ್ನು ಮುಟ್ಟುವುದುಂಟೆ? ಕೆಲಮಂಗಲದಲ್ಲಿ ಒಬ್ಬಳಿಗೆ ಆಗಲೇ ದಿನ ತುಂಬಿತ್ತು. ಅವಳ ಹಿಂದಿನ ಕೂಸು ಉಳಿದಿರಲಿಲ್ಲ.

"ಕೈ ನಿಮ್ದು ರೋಗಿಗಿರ್ಲಿ, ಚಕ್ರ ನಂಗೆ ಬುಡಿ. ನಾನ್ ಓಡುಸ್ತೀನಿ," ಅಂದಳು ಅಕ್ಕ. ಬಯಲಿನಲ್ಲಿ ಭಾವನೇ ಅವಳಿಗೆ ಕಲಿಸಿದ್ದರು; ರಸ್ತೆಗೆ ಮಾತ್ರ ಇಳಿದಿರಲಿಲ್ಲ.

ಅವಳ ಅತ್ತೆ ಮುಖ ಊದಿಸಿಕೊಂಡರು. "ಸೊಸೆ ಕಾರ್ ಓಡ್ಸೋದು, ಮಗ ಪಕ್ಕದಾಗೆ ಕುಂತಿರೋದು! ಊರೋರು ಏನಂದಾರು?"

ಅಕ್ಕ ಅಂದೇ ಚಕ್ರ ಬಿಚ್ಚಿಸಿ ತಂದು ಜಗಲಿಯ ಮೇಲೆ ಕೂತಳು. ಬಿರುಕುಗಳನ್ನು ಚಾಕುವಿನಿಂದ ಹೆರೆದು, ಮರದ ಪುಡಿಯನ್ನು ಬಡಗಿಯ ಅಂಟಿನಲ್ಲಿ ಕಲಸಿ, ಹೋಳಿಗೆಗೆ ಹೂರಣ ತುಂಬುವ ನಾಜೂಕಿನಲ್ಲಿ ತುಂಬಿದಳು. ಒಣಗಿದ ಮೇಲೆ ತರಿತರಿ ಉಪ್ಪುಕಾಗದದಿಂದ ಉಜ್ಜುವ ಕೆಲಸ ತಂಗಿಯಾದ ನನ್ನ ಪಾಲಿಗೆ ಬಂತು. ನಾನು ಉಜ್ಜಿದ್ದಕ್ಕಿಂತ ನಿಟ್ಟುಸಿರು ಬಿಟ್ಟದ್ದೇ ಹೆಚ್ಚು. ಅಕ್ಕ ಕಣ್ಣುಮುಚ್ಚಿ ಅಂಗೈ ಆಡಿಸಿ, "ಇಲ್ಲಿನ್ನೂ ಚುಚ್ತದೆ ಕಣೆ," ಅನ್ನುವಳು. ಎಂಥಾ ಕೈ ಅದು! ಕೊನೆಗೆ ಕರೀ ಬಣ್ಣ ಬಳಿದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು.

ಮರುದಿನ ಶುಕ್ರವಾರ. ಬೆಳಿಗ್ಗೆ ಹೋಗಿ ನೋಡಿದರೆ, ಹೊಳೆಯುವ ಚಕ್ರದ ನೆತ್ತಿಯ ಮೇಲೆ ದೊಡ್ಡ ಕುಂಕುಮದ ಬೊಟ್ಟು ಹಸಿ ಬಣ್ಣದೊಳಗೆ ಇಳಿದುಬಿಟ್ಟಿದೆ. ಪಕ್ಕದಲ್ಲೇ ಅತ್ತೆ, ಕರಿಯಾದ ಬೆರಳನ್ನು ಸೆರಗಿನಲ್ಲಿ ಮರೆಸುತ್ತ ನಿಂತಿದ್ದಾರೆ.

"ಒಣಗಿರ್ಲಿಲ್ವೇನಮ್ಮಿ? ಮೊದಲ್ನೇ ಕಿತ ರಸ್ತೆಗೆ ಇಳೀತೀಯ, ಬೋಳು ಚಕ್ರ ಹಿಡ್ಕೊಂಡು ಹೆಂಗೆ ಹೋಗ್ತೀಯ ಅಂತ..."

ಅಕ್ಕನ ಕಣ್ಣು ತುಂಬಿತು. ಬೊಟ್ಟನ್ನು ಉಜ್ಜಿ ತೆಗೆಯೋಣವೆಂದು ನಾನು ಉಪ್ಪುಕಾಗದ ಎತ್ತಿದರೆ ಅವಳಿಂದ ಕೈಗೆ ಒಂದೇಟು ಬಿತ್ತು.

ಬಣ್ಣ ಒಣಗುವ ಹೊತ್ತಿಗೆ ಸರಿಯಾಗಿ ಕೆಲಮಂಗಲದಿಂದ ಆಳು ಬಂದ. ಅಕ್ಕ ಓಡಿಸಿದಳು. ಭಾವನ ಕೈ ಬಿರಿಯಲಿಲ್ಲ. ಕೂಸು ಬೀದಿಗೆಲ್ಲ ಕೇಳುವ ಹಾಗೆ ಅತ್ತಿತಂತೆ.

ಈಗ ನನಗೇ ಆ ಅತ್ತೆಯ ವಯಸ್ಸು. ಇಗೋ, ಸ್ಕೂಟರ್ ಕಲಿಯಲು ಹೋಗಲಾ ಎಂದು ಕೇಳಿ ನನ್ನ ಸೊಸೆ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ಬಿದ್ದುಗಿದ್ದೀಯ" ಎನ್ನಲು ಬಾಯಿ ತೆರೆದವಳು, "ಹೋಗ್ಬಾರಮ್ಮಿ, ಮಗೀನ ನಾನ್ ನೋಡ್ಕತೀನಿ," ಅಂದೆ.