ಅಜ್ಜಿಯ ಪಾಲಿನ ಚಂದ್ರಿಕೆ

ಹೋದ ಚಳಿಗಾಲದಲ್ಲಿ ಬುದ್ಧಗಯೆಯ ಬೋಧಿವೃಕ್ಷದ ಹತ್ತಿರ ಕೂತಿದ್ದಾಗ ಒಂದು ಸದ್ದು ಕೇಳಿತು. ಯಾವುದೋ ದೇಶದಿಂದ ಬಂದ ಭಿಕ್ಷುಗಳು ಸಾಲಾಗಿ ಕೂತು, ತುಟಿ ಹೆಚ್ಚು ಅಲುಗಿಸದೆ, ತಗ್ಗಿದ ದನಿಯಲ್ಲಿ ಏನನ್ನೋ ಪಠಿಸುತ್ತಿದ್ದರು. ಯಾರ ದನಿಯೂ ಬೇರೆಯಾಗಿ ಕೇಳುತ್ತಿರಲಿಲ್ಲ. ಎಲ್ಲ ಸೇರಿ ನೆಲದಿಂದಲೇ ಏಳುವಂಥ ಸಣ್ಣ ಮೊರೆತ. ನಾನು ಹುಟ್ಟಾ ಗಾಬರಿಯವಳು. ಊರು ಬಿಟ್ಟಾಗಿನಿಂದ ಅಪ್ಪನ ಮಾತ್ರೆ, ಅಪ್ಪನ ಶಾಲು, ಅಪ್ಪ ಮೆಟ್ಟಿಲಿಳಿಯುವ ರೀತಿ ಎಲ್ಲದರ ಮೇಲೂ ಒಂದು ಕಣ್ಣಿಟ್ಟೇ ಇದ್ದೆ. ಆಗಲೂ ತಿರುಗಿ ನೋಡಿದೆ. ಅಪ್ಪ ಬಿಸಿಲಿಗೆ ಮುಖವೊಡ್ಡಿ, ಕಣ್ಣು ಮುಚ್ಚಿಕೊಂಡೇ, “ಹುಳ ಮೇದಂಗಿಲ್ವಾ ಅಮ್ಮಾಯಿ?” ಎಂದ.

ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಗೂಡು ಕಟ್ಟುವುದಕ್ಕೆ ಮುಂಚಿನ ದಿನಗಳಲ್ಲಿ ಹುಳುಗಳು ಹಗಲು ರಾತ್ರಿ ಸೊಪ್ಪು ಮೇಯುತ್ತವೆ, ಆ ಸದ್ದು ಮನೆ ತುಂಬಾ ಇರುತ್ತದೆ. ಹಂಚಿನ ಮೇಲೆ ತುಂತುರು ಬಿದ್ದಂತೆ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಿದ್ದೇ ಇಲ್ಲ. ಒಳಗೆ ತುಂಬ ಜನ ಕೂತು ನಮಗೆ ಕೇಳಿಸಬಾರದ ಏನನ್ನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಕ್ಯಾಲನೂರಿನ ಆಚೆಗಿದ್ದ ನಮ್ಮ ಮನೆಯಲ್ಲಿ ದೊಡ್ಡ ಪಡಸಾಲೆ ಹುಳುಗಳದು, ಉಳಿದ ಸಂದಿಗೊಂದಿ ನಮ್ಮದು. ಹಸಿ ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಹುಳುವಿನ ಹಿಕ್ಕೆ, ಒದ್ದೆ ಗೋಣಿಚೀಲ ಎಲ್ಲ ಕಲೆತ ಒಂದು ತಣ್ಣನೆಯ ವಾಸನೆ ನಮ್ಮ ಲಂಗ, ಹಾಸಿಗೆ, ಪುಸ್ತಕದ ಚೀಲಕ್ಕೆಲ್ಲ ಹತ್ತಿರುತ್ತಿತ್ತು. ಬಿದಿರು ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಹುಳುವಿನ ಬೆಳೆ ಮನೆಯಲ್ಲಿರುವಷ್ಟು ದಿನ ಅಮ್ಮ ಒಗ್ಗರಣೆ ಹಾಕುತ್ತಿರಲಿಲ್ಲ, ಊದುಬತ್ತಿ ಹಚ್ಚುತ್ತಿರಲಿಲ್ಲ. ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಹುಳು ಯಾವುದಕ್ಕೆ ಮುನಿಸಿಕೊಂಡು ಸತ್ತೀತೋ ಹೇಳುವಂತಿರಲಿಲ್ಲವಾಗಿ ನಾವೆಲ್ಲ ಸದಾ ಪಿಸುಮಾತಿನಲ್ಲೇ ಬದುಕುತ್ತಿದ್ದೆವು. ನನ್ನ ಗಾಬರಿಯ ಬೇರು ಅಲ್ಲೇ ಇರಬೇಕು.

ಒಂದೇ ಧೈರ್ಯವೆಂದರೆ ಅಜ್ಜಿಯ ಕೈ. ಅಪ್ಪನ ತಾಯಿ ಅವಳು. ಪ್ರತಿ ಬೆಳೆಯಲ್ಲೂ ಮರಿಹುಳುಗಳಿಗೆ ಮೊದಲ ಸೊಪ್ಪು ಉದುರಿಸುವವಳು ಅವಳೇ ಆಗಬೇಕು. ಅವಳ ಕೈಗುಣ ಸುತ್ತಲಿನ ಹಳ್ಳಿಗೆಲ್ಲ ಗೊತ್ತಿತ್ತು. ಮಾತು ಕನ್ನಡದಲ್ಲೇ ಶುರುವಾದರೂ ಬೇಸರವಾದಾಗ, ಸಮಾಧಾನ ಹೇಳುವಾಗ ತೆಲುಗಿಗೆ ಜಾರುತ್ತಿದ್ದಳು. ಹಾಲು ಉಕ್ಕಲಿ, ಹಸು ಒದೆಯಲಿ, ನಾನು ಸ್ಲೇಟು ಒಡೆದುಕೊಂಡು ಬರಲಿ, “ಪೋನೀಲೆ” ಎನ್ನುವಳು. ಹೋಗಲಿ ಬಿಡು ಎಂದರ್ಥ. ಆ ಒಂದು ಮಾತಿಗೆ ಮನೆ ಉಸಿರು ಬಿಡುತ್ತಿತ್ತು.

ತಾತ ತೀರಿಕೊಂಡ ಮೇಲೆ ಅಜ್ಜಿ ಕೋಲಾರದಿಂದ ಹೊರಟ ಯಾತ್ರೆ ಬಸ್ಸಿನಲ್ಲಿ ಕಾಶಿ, ಗಯೆಗೆ ಹೋಗಿಬಂದಳು. ಗಯೆಗೆ ಹೋದವರು ತಮಗೆ ಇಷ್ಟವಾದ ಏನನ್ನಾದರೂ ಅಲ್ಲಿ ಬಿಟ್ಟು ಬರಬೇಕು. ಮತ್ತೆ ಅದನ್ನು ಮುಟ್ಟಬಾರದು. ನಮ್ಮೂರಿನಲ್ಲಿ ಸೀತಾಫಲ ಬಿಟ್ಟವರಿದ್ದರು, ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಬಿಟ್ಟು ಬಂದು ದೊಡ್ಡ ತ್ಯಾಗಿಗಳಂತೆ ಓಡಾಡುತ್ತಿದ್ದವರೂ ಇದ್ದರು. ಅಜ್ಜಿ ಏನು ಬಿಟ್ಟಳು? ಗಂಗೆಯ ನೀರಿಗೆ ಬಂದವರೆಲ್ಲ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಬಡಿಸಿದ್ದನ್ನೆಲ್ಲ ತಿಂದಳು. ಅಮ್ಮ ಒಂದೊಂದು ದಿನ ಒಂದೊಂದು ತರಕಾರಿ ಮಾಡಿ ಅವಳ ಎಲೆಯನ್ನೇ ನೋಡುತ್ತಿದ್ದಳು.

ಗೊತ್ತಾದದ್ದು ಹೊಸ ಬೆಳೆಯ ಮರಿಹುಳು ಮನೆಗೆ ಬಂದ ಬೆಳಿಗ್ಗೆ. ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮೊರದಲ್ಲಿಟ್ಟು ಅಪ್ಪ ಕರೆದ. ಅಜ್ಜಿ ಜಗುಲಿಯಿಂದ ಏಳಲಿಲ್ಲ.

“ನಾನು ಹುಳ ಬಿಟ್ಟು ಬಂದೀನಿ ಕಣೋ.”

ಅಪ್ಪನಿಗೆ ಅರ್ಥವಾಗಲಿಲ್ಲ. ಅಜ್ಜಿ ಬಿಡಿಸಿ ಹೇಳಿದಳು. ಗಯೆಯಲ್ಲಿ ನೂಕುನುಗ್ಗಲು, ಪುರೋಹಿತರ ಅವಸರ, ಬಿಡಬೇಕಾದ್ದೇ ಮರೆತುಹೋಗಿತ್ತು. ಅಲ್ಲಿಂದ ಬಸ್ಸು ಪಕ್ಕದ ಬುದ್ಧಗಯೆಗೆ ಹೋಯಿತು. ಮರದ ಕೆಳಗೆ ಕನ್ನಡ ಬಲ್ಲ ಒಬ್ಬ ಭಿಕ್ಷು ಸಿಕ್ಕ. ಜೀವ ತೆಗೆಯಬಾರದು ಎನ್ನುವುದು ಬುದ್ಧನ ಮೊದಲ ಮಾತು ಎಂದ. ಆಗ ನೆನಪಾಗಿ, ಅಲ್ಲೇ ನಿಂತು, ಮರಕ್ಕೆ ಕೈಮುಗಿದು ಹುಳು ಬಿಟ್ಟುಬಿಟ್ಟಳು.

“ಬಿಡೋದು ಗಯದಲ್ಲಿ ಅಮ್ಮ. ಆ ಮರದ ಕೆಳಗೆ ಯಾರೂ ಬಿಡಲ್ಲ. ಅದು ಲೆಕ್ಕಕ್ಕೇ ಇಲ್ಲ,” ಎಂದ ಅಪ್ಪ.

“ಮರ ಕೇಳಿಸ್ಕೊಂಡೈತೆ.”

“ನಾವೇನು ಕೊಲ್ತೀವಾ? ಗೂಡು ಮಾರ್ತೀವಿ. ಬೇಯ್ಸೋರು ಬೇರೆ.”

“ಅದನ್ನೇ ನಾನೂ ಕೇಳ್ದೆ ಆ ಸ್ವಾಮೀನ. ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ನೀನೇ ನೋಡ್ಕೊಳಮ್ಮ ಅಂದ್ಬಿಟ್ಟ.”

ಗೂಡಿನೊಳಗಿನ ಹುಳು ಹೊರಬರುವ ಮುಂಚೆ ಅದನ್ನು ಬೇಯಿಸದಿದ್ದರೆ ನೂಲು ಬರುವುದಿಲ್ಲ. ನಮಗೆಲ್ಲ ಗೊತ್ತಿದ್ದ ಸಂಗತಿ. ಬಾಯಿ ಬಿಟ್ಟು ಯಾರೂ ಆಡಿರಲಿಲ್ಲ. ಈಗ ಅಜ್ಜಿ ಆಡಿದ್ದಳು. ಹುಳು ಇರುವ ಮನೆಯಲ್ಲಿ ಕೈಕಟ್ಟಿ ಕೂರಲು ತನ್ನಿಂದಾಗದು, ದೇವರಾಯಸಮುದ್ರದ ತಂಗಿಯ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎಂದು ಸೀರೆಗಳನ್ನು ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದಳು. ಬೆಳೆಯ ನಡುವೆ ಮನೆಯಿಂದ ಯಾರೂ ಹೊರಡಬಾರದೆಂದು ಅಮ್ಮ ಬೇಡಿಕೊಂಡದ್ದಕ್ಕೆ ಗೂಡು ಬಿಡಿಸುವವರೆಗೆ ತಡೆಯಲು ಒಪ್ಪಿದಳು. ನಾನು ಸ್ಕೂಲಿನಿಂದ ಓಡಿ ಬಂದವಳೇ ಮೊದಲು ಆ ಗೂಟ ನೋಡುತ್ತಿದ್ದೆ. ಗಂಟು ಇದ್ದರೆ ಅಜ್ಜಿ ಇದ್ದಾಳೆ. ಆದರೆ ಗಂಟು ಇನ್ನೂ ಗಂಟಾಗಿಯೇ ಇರುತ್ತಿತ್ತು. ಮನೆಯ ಹುಳುಗಳೆಲ್ಲ ಸತ್ತುಹೋಗಲಿ ಎಂದು ಒಮ್ಮೊಮ್ಮೆ ಬೇಡಿಕೊಳ್ಳುತ್ತಿದ್ದೆ, ಮರುಗಳಿಗೆಯೇ ಅಪ್ಪನ ಮುಖ ನೆನಪಾಗಿ ಬದುಕಲಿ ಎನ್ನುತ್ತಿದ್ದೆ.

ಅಜ್ಜಿ ಬುದ್ಧಗಯೆಯಿಂದ ಒಂದು ಪುಟ್ಟ ಬುದ್ಧನ ಬೊಂಬೆ ತಂದಿದ್ದಳು. ತಿಮ್ಮಪ್ಪನ ಪಟದ ಪಕ್ಕ ಅದನ್ನಿಟ್ಟು, ಇವನಿಗೆ ಏನು ನೈವೇದ್ಯ ಎಂದು ಬಹಳ ದಿನ ಯೋಚಿಸಿದಳು. “ಏನೂ ಕೇಳಲ್ವಂತೆ ಅಮ್ಮಾಯಿ. ಕೇಳೋ ದೇವರಾದ್ರೆ ಕೊಟ್ಟು ಕೈ ತೊಳ್ಕೋಬೋದಾಗಿತ್ತು. ಇವನು ಸುಮ್ನೆ ಕೂತವ್ನೆ, ನಮ್ಮ ಹುಳ ಜ್ವರಕ್ಕೆ ಕೂತಂಗೆ.” ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಬೌದ್ಧ ಧರ್ಮದ ಬಗ್ಗೆ ಆಮೇಲೆ ನಾನು ಓದಿದ್ದು ಕಡಿಮೆಯೇನಲ್ಲ. ಆದರೆ ಬುದ್ಧ ಎಂದೊಡನೆ ಇವತ್ತಿಗೂ ನೆನಪಾಗುವುದು ಅಜ್ಜಿಯ ಈ ಮಾತು, ಅದರ ಹಿಂದಿದ್ದ ಅವಳ ಕಳವಳ.

ಕೊನೆಯ ಜ್ವರ ಮುಗಿದು ಹುಳು ಎದ್ದು ಮೇಯಬೇಕಾದ ಹೊತ್ತಿಗೆ ಏನೋ ಎಡವಟ್ಟಾಯಿತು. ಅಪ್ಪ, ಅಮ್ಮ ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿದ್ದರು. ಹಾಕಿದ ಸೊಪ್ಪು ಹಾಗೇ ಬಾಡುತ್ತಿತ್ತು. ನಾನು ಜಗುಲಿಯಲ್ಲಿ ಅಜ್ಜಿಯ ಸೆರಗು ಹಿಡಿದು ಕೂತಿದ್ದೆ. ಅವಳು ಒಳಗೆ ಇಣುಕಲೂ ಇಲ್ಲ. ಗೋಡೆಗೆ ತಲೆಯಾನಿಸಿ ಕಿವಿಗೊಟ್ಟಿದ್ದಳು.

“ಸದ್ದು ಸಾಲ್ದು,” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಸದ್ದೇ ಇಲ್ಲ.”

ಎದ್ದು ಕೈಕಾಲು ತೊಳೆದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. “ಸಾಯ್ತಾ ಇರೋದನ್ನ ನೋಡ್ಕೊಂಡು ಕೂತ್ಕೊ ಅಂತ ಆ ಸ್ವಾಮಿ ಏನೂ ಹೇಳಿಲ್ವಲ್ಲ,” ಎಂದು ಯಾರಿಗೋ ಜವಾಬು ಕೊಡುವಂತೆ ಹೇಳಿಕೊಂಡು ಒಳಗೆ ಹೋದಳು. ಒದ್ದೆ ಹಾಸು ತೆಗೆಸಿದಳು, ಸುಣ್ಣ ಧೂಳಿಸಿದಳು, ರೋಗದ ಹುಳುಗಳನ್ನು ಒಂದೊಂದಾಗಿ ಆರಿಸಿದಳು, ಕಿಟಕಿ ತೆರೆಸಿ ಎಳೆ ಸೊಪ್ಪನ್ನು ತಾನೇ ಉದುರಿಸಿದಳು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ, ಮೂಲೆಯ ಒಂದು ತಟ್ಟೆಯಿಂದ, ಹುಳುಗಳ ಆ ಮಾತು ಮತ್ತೆ ಶುರುವಾಯಿತು. ಅಪ್ಪ ಅಲ್ಲೇ ಕೂತು ಪಂಚೆಯಲ್ಲಿ ಮುಖ ಒರೆಸಿಕೊಂಡ.

ಮೇವು ಮುಗಿಸಿ ಹುಳುಗಳು ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಚಂದ್ರಿಕೆಗಳಿಗೆ, ಎಂದರೆ ಸುರುಳಿ ಸುರುಳಿಯಾದ ಬಿದಿರಿನ ತಡಿಕೆಗಳಿಗೆ, ಬಿಡುವಾಗ ಅಜ್ಜಿ ಅಪ್ಪನ ಮುಂದೆ ನಿಂತು ಕೇಳಿದಳು: “ಒಂದು ಚಂದ್ರಿಕೆ ನಂಗೆ ಬಿಡು. ಅದನ್ನ ಮಾರ್ಕೆಟ್ಟಿಗೆ ಒಯ್ಯಬ್ಯಾಡ.” ಅಪ್ಪ ಒಂದನ್ನು ಎತ್ತಿ ಅವಳ ಕೋಣೆಯ ಗೋಡೆಗೆ ಆನಿಸಿದ.

ಉಳಿದ ಗೂಡುಗಳು ಮೂಟೆಯಾಗಿ ಹೋದ ಮೇಲೂ ಆ ಚಂದ್ರಿಕೆ ಅಲ್ಲೇ ಇತ್ತು. ಒಂದು ಬೆಳಿಗ್ಗೆ ತಿಳಿಹಳದಿ ಗೂಡುಗಳ ತುದಿ ಒದ್ದೆಯಾಗಿ, ತೂತು ಬಿದ್ದು, ಬಿಳಿ ಚಿಟ್ಟೆಗಳು ಹೊರಬಂದವು. ಹಾರಿಹೋಗುತ್ತವೆಂದು ನಾನು ಓಡಿಹೋಗಿ ಕಿಟಕಿ ತೆರೆದಿಟ್ಟೆ. ಅವು ರೆಕ್ಕೆ ಪಟಪಟಿಸಿದವು, ಅಷ್ಟೆ. ಅಜ್ಜಿ ಒಂದನ್ನು ಅಂಗೈಯಲ್ಲಿ ಕಿಟಕಿಯವರೆಗೆ ಒಯ್ದು ಕೈ ಚಾಚಿದಳು. ಅದು ಅಲ್ಲೇ ಕೂತಿತು. ಸೊಪ್ಪಿಟ್ಟರೆ ತಿನ್ನಲಿಲ್ಲ.

“ಹಾರಕ್ಕೂ ಬರಲ್ಲ, ತಿನ್ನಕ್ಕೂ ಬರಲ್ಲ. ಬಿಟ್ರೂ ಹೋಗಕ್ಕಾಗಲ್ಲ ಇವಕ್ಕೆ. ಪಾಪಂ,” ಎಂದಳು.

ಅವೆಲ್ಲ ಸಾಯುವವರೆಗೆ, ಕೆಲವೇ ದಿನ, ಅಜ್ಜಿ ಪಕ್ಕದಲ್ಲಿ ಕೂತಳು. ಆಮೇಲೆ ಗೂಟದಿಂದ ಗಂಟು ಇಳಿಸಿ ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು. ಅಲ್ಲಿಂದ ಮುಂದೆ ಪ್ರತಿ ಬೆಳೆಯಲ್ಲೂ ಒಂದು ಚಂದ್ರಿಕೆ ಅವಳ ಪಾಲಿನದಾಯಿತು. ತೂತು ಬಿದ್ದ ಗೂಡುಗಳನ್ನು ಅವಳು ದಾರಕ್ಕೆ ಪೋಣಿಸಿ ಬುದ್ಧನಿಗೆ ಹಾಕಿದಳು.

ಈಗ ಆ ಪಡಸಾಲೆಯಿಲ್ಲ, ಸೊಪ್ಪಿನ ತೋಟವಿಲ್ಲ. ಅಜ್ಜಿ ಹೋದ ಮೇಲೆ ಒಂದೆರಡು ಬೆಳೆ ಮಾಡಿ ಅಪ್ಪ ನಿಲ್ಲಿಸಿದ. ಮನೆಯಿದ್ದ ಜಾಗದಲ್ಲಿ ಯಾರದೋ ಟೊಮ್ಯಾಟೊ ಕ್ರೇಟುಗಳ ಶೆಡ್ಡು ಎದ್ದಿದೆ. ಚಂದ್ರಿಕೆಗಳು ಒಲೆಗೆ ಹೋದವು.

ಬೋಧಿವೃಕ್ಷದ ಹತ್ತಿರ ಅಪ್ಪ ಜೇಬಿನಿಂದ ಅಜ್ಜಿ ಪೋಣಿಸಿದ್ದ ಸರದ ಒಂದು ಗೂಡು ತೆಗೆದ. ಮಾಸಿ ಕಂದಾಗಿತ್ತು. ಅದನ್ನು ಅಲ್ಲಿಡಲೆಂದೇ ಅಷ್ಟು ದೂರ ಹಟಮಾಡಿ ಬಂದಿದ್ದನೆಂದು ನನಗೆ ಆಗ ತಿಳಿಯಿತು. ಬಹಳ ಹೊತ್ತು ಅಂಗೈಯಲ್ಲೇ ಹಿಡಿದುಕೊಂಡಿದ್ದ.

“ಕೊನೇಲಿ ಕೇಳಿದ್ಲು ಕಣಮ್ಮ,” ಎಂದ. “ನನ್ನ ಕೈಯಿಂದ ಎಷ್ಟು ಜೀವ ಹೋಗಿರ್ಬೋದೋ ಅಂತ. ನಾನು, ನೀನು ಬಿಟ್ಟಿದ್ವೆಲ್ಲ ಹಾರ್ಕೊಂಡ್ ಹೋದ್ವಲ್ಲಮ್ಮ ಅಂದ್ಬಿಟ್ಟೆ.”

“ಅಜ್ಜಿ ಏನಂದ್ಲು?”

“ನನ್ನ ತಲೆ ಸವರಿ, ಪೋನೀಲೆ ಅಂದ್ಲು.”

ಗೂಡನ್ನು ಅವನು ಮತ್ತೆ ಜೇಬಿಗೆ ಹಾಕಿಕೊಂಡ. ಬಿಡಲು ಆಗಲಿಲ್ಲ. ಅಷ್ಟರಲ್ಲಿ ಭಿಕ್ಷುಗಳ ಪಠಣ ನಿಂತಿತು. ಹುಳುಗಳೆಲ್ಲ ಚಂದ್ರಿಕೆಗೆ ಹತ್ತಿದ ಮೊದಲ ದಿನ ನಮ್ಮ ಮನೆಯಲ್ಲಿ ಹೀಗೇ ಸದ್ದಡಗುತ್ತಿತ್ತು. ನಾವಿಬ್ಬರೂ ಆಗಿನಂತೆಯೇ ಮಾತು ನಿಲ್ಲಿಸಿ ಕೂತೆವು.