ನನ್ನ ಡೈರಿಯಲ್ಲಿ ಸಿಸ್ಟರಮ್ಮನ ಅಕ್ಷರ

ಸಿಸ್ಟರಮ್ಮನ ಕತ್ತಿನ ಹಿಂದೆ, ತುರುಬಿಗೆ ಸರಿಯಾಗಿ ಕೆಳಗೆ, ಯಾವಾಗಲೂ ಒಂದು ನೀಲಿ ಕಲೆ ಇರುತ್ತಿತ್ತು. ಪೆನ್ನನ್ನು ಅವರು ಬ್ಯಾಗಿಗೆ ಹಾಕುತ್ತಿರಲಿಲ್ಲ, ತುರುಬಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮುಚ್ಚಳ ಹಾಕುವ ಅಭ್ಯಾಸ ಮಾತ್ರ ಇರಲಿಲ್ಲ. ಸಂಜೆಯ ಹೊತ್ತಿಗೆ ಕತ್ತೂ ನೀಲಿ, ಕುಪ್ಪಸದ ಅಂಚೂ ನೀಲಿ. "ಶಾಯಿ ಹತ್ತೈತೆ ಸಿಸ್ಟರಮ್ಮ" ಎಂದರೆ ಸೆರಗಿನಿಂದ ಒರೆಸಿ ಅದನ್ನು ಇನ್ನಷ್ಟು ಅಗಲ ಮಾಡಿಕೊಂಡು "ಏಂ ಕಾದುಲೇಮ್ಮಾ" ಎನ್ನುತ್ತಿದ್ದರು. ಏನೂ ಆಗಲ್ಲ ಬಿಡು ಎಂದು ಅದರ ಅರ್ಥ. ಅವರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯವರು. ಆ ಕಡೆಯವರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

ಕೊರಟಗೆರೆಗೂ ಮಧುಗಿರಿಗೂ ನಡುವೆ ನಮ್ಮೂರು. ಅವರು ಅಲ್ಲಿಯ ಆರೋಗ್ಯ ಉಪಕೇಂದ್ರದ ನರ್ಸು, ನಾನು ಅದೇ ಊರಿನ ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋಗುವುದು, ಕೂಸುಗಳ ತೂಕ ನೋಡುವುದು, ಲಸಿಕೆಯ ದಿನ ತಾಯಂದಿರನ್ನು ಎಳೆದು ತರುವುದು, ಇವೆಲ್ಲ ನನ್ನ ಕೆಲಸ. ಅದನ್ನೆಲ್ಲ ಡೈರಿಯಲ್ಲಿ ಬರೆದಿಡುವುದೂ ನನ್ನದೇ ಕೆಲಸ. ಆ ಕೊನೆಯದೊಂದು ಮಾತ್ರ ನನಗೆ ಬರುತ್ತಿರಲಿಲ್ಲ, ಇವತ್ತಿಗೂ ಬರುವುದಿಲ್ಲ.

ಓದು ಬರುತ್ತದೆ. ಪೇಪರನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವವಳು ನಾನು. ಪೆನ್ನು ಹಿಡಿದರೆ ಮಾತ್ರ ಕೈ ನನ್ನದಲ್ಲ. ತಲೆಯಲ್ಲಿ ನೆಟ್ಟಗಿದ್ದ ಅಕ್ಷರ ಕಾಗದಕ್ಕೆ ಇಳಿಯುವಾಗ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಬೀಳುತ್ತದೆ. ಅರ್ಧ ಸಾಲಿಗೆ ಬೆವರು ಬರುತ್ತದೆ. ಶಾಲೆಯಲ್ಲಿ ಅದನ್ನು ಸೋಮಾರಿತನ ಎಂದರು, ಕೊಬ್ಬು ಎಂದರು, ಬೆರಳಿನ ಗೆಣ್ಣಿಗೆ ಹೊಡೆದರು. ಎಂಟನೇ ಕ್ಲಾಸು ಹೇಗೆ ದಾಟಿದೆನೋ ದೇವರಿಗೇ ಗೊತ್ತು. ನನ್ನ ಸಹಿಯನ್ನು ರಂಗೋಲಿ ಕಲಿತಂತೆ ಕಲಿತಿದ್ದೇನೆ, ಅಷ್ಟೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸಿಸ್ಟರಮ್ಮ ನನ್ನ ಡೈರಿ ತೆಗೆದು ನೋಡಿದರು. ಒಂದು ಪುಟ ನೋಡಿದರು, ಮುಚ್ಚಿದರು. ತುರುಬಿನಿಂದ ಪೆನ್ನು ಎಳೆದುಕೊಂಡು, "ನೀನು ಹೇಳ್ತಾ ಹೋಗಮ್ಮ, ನಾನು ಬರ್ಕೊಂತಾ ಹೋಗ್ತೀನಿ" ಎಂದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಉಪಕೇಂದ್ರದ ಮೆಟ್ಟಿಲ ಮೇಲೆ ನಮ್ಮಿಬ್ಬರ ಕಚೇರಿ. ನಾನು ವಾರವಿಡೀ ಹೋದ ಮನೆಗಳನ್ನು ನೆನಪಿನಿಂದ ಒಪ್ಪಿಸುವುದು, ಅವರು ದುಂಡಗೆ ಬರೆಯುವುದು.

ಸುಮ್ಮನೆ ಬರೆದುಬಿಡುತ್ತಿದ್ದರು ಎಂದುಕೊಳ್ಳಬೇಡಿ. "ಆ ಮಗಿನ ತೂಕ ಕಣ್ಣಾರ ನೋಡ್ದೇನಮ್ಮ? ಇಲ್ಲ ಅವರಜ್ಜಿ ಹೇಳಿದ್ದಾ?" ಎಂದು ಕೇಳುತ್ತಿದ್ದರು. ಅಜ್ಜಿ ಹೇಳಿದ್ದು ಎಂದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು. "ಹೋಗು, ತೂಕ ಮಾಡ್ಕೊಂಡು ಬಾ. ನೋಡಿದ್ದನ್ನ ಬರೀತೀನಿ. ನೋಡ್ದೇ ಇರೋದನ್ನ ನಿಮ್ಮಪ್ಪ ಬಂದು ಹೇಳಿದ್ರೂ ಬರೆಯಲ್ಲ." ಬಿಸಿಲಲ್ಲಿ ಮತ್ತೆ ಆ ಹಟ್ಟಿಗೆ ನಡೆಯುವಾಗ ಅವರನ್ನು ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಒಮ್ಮೆ ಮಧುಗಿರಿಯಲ್ಲಿ ತರಬೇತಿ ಇತ್ತು. ಮಕ್ಕಳ ತೊಂದರೆಗಳ ಬಗ್ಗೆ ಡಾಕ್ಟರೊಬ್ಬರು ಹೇಳುತ್ತಾ, ಕೆಲವು ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಓದುತ್ತಾರೆ, ಆದರೆ ಬರೆಯಲಾರರು, ಅದು ದಡ್ಡತನವಲ್ಲ, ಒಂದು ನ್ಯೂನತೆ, ಹೊಡೆದರೆ ಹೋಗುವುದಿಲ್ಲ ಎಂದರು. ನಾನು ತಲೆ ತಗ್ಗಿಸಿ ಕೂತೆ. ಪಕ್ಕದಲ್ಲಿದ್ದ ಸಿಸ್ಟರಮ್ಮ ಮುಂದೆ ನೋಡುತ್ತಲೇ ನನ್ನ ಕೈಯನ್ನು ಒಮ್ಮೆ ಒತ್ತಿದರು. ಊಟದ ಹೊತ್ತಿನಲ್ಲಿ ಆ ವಿಷಯ ಎತ್ತಲೇ ಇಲ್ಲ, ಸಾರಿಗೆ ಉಪ್ಪು ಜಾಸ್ತಿ ಎಂದು ಮಾತ್ರ ಗೊಣಗಿದರು.

ಆಮೇಲೆ ಎಲ್ಲರ ಕೈಗೂ ಸ್ಮಾರ್ಟ್ ಫೋನು ಬಂತು. ವರದಿಯನ್ನೆಲ್ಲ ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಎಂದಾಯಿತು. ಉಳಿದವರು ಸಾಲುಗಟ್ಟಲೆ ಹಾಕುತ್ತಿದ್ದರು, ನಾನು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಅಕ್ಷರ ಹುಡುಕಿ ಒತ್ತೋಣವೆಂದರೆ ಫೋನಿನಲ್ಲೂ ಅದೇ ಹಣೆಬರಹ, ಅರ್ಧ ಗಂಟೆ ಒದ್ದಾಡಿದರೆ ನನಗೇ ಓದಲಾಗದ ಒಂದು ಸಾಲು. ಒಂದು ದಿನ ಯಾರೋ ನನ್ನನ್ನು 'ಹೆಬ್ಬೆಟ್ಟಕ್ಕ' ಎಂದು ಕರೆದರು. ಅದರ ಕೆಳಗೆ ನಗುವ ಮುಖಗಳ ಸಾಲೇ ಬಿತ್ತು. ಅವತ್ತು ನನಗೆ ಅನ್ನ ಸೇರಲಿಲ್ಲ.

ಮಾರನೆಯ ದಿನ ಸಿಸ್ಟರಮ್ಮ ನನ್ನನ್ನು ಉಪಕೇಂದ್ರದ ಸಾಮಾನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಸೊಳ್ಳೆಪರದೆಯ ಮೂಟೆಗಳ ನಡುವೆ ಕೂರಿಸಿ, ಫ್ಯಾನು ಆರಿಸಿ, ನನ್ನ ಫೋನು ಕೈಗೆ ಕೊಟ್ಟರು. "ಅಲ್ಲಿ ಮೂಲೇಲಿ ಚಿಕ್ಕ ಮೈಕಿನ ಗುರುತು ಐತೆ ನೋಡು. ಅದನ್ನ ಒತ್ತಿ ಮಾತಾಡು. ನೀನು ಹೇಳಿದ್ದನ್ನ ಅದೇ ಬರ್ಕೊಂತದೆ."

ನಾನು ಒತ್ತಿ, ಗಂಟಲು ಸರಿ ಮಾಡಿಕೊಂಡು, "ಇಂದು ಮೂರು ಮನೆಗಳಿಗೆ ಭೇಟಿ ನೀಡಿದೆ" ಎಂದೆ. ಒತ್ತು, ದೀರ್ಘ ಎಲ್ಲ ಅದರದರ ಜಾಗದಲ್ಲಿ ಬಂದು ಕೂತವು. ನನ್ನ ಮಾತು ಅಕ್ಷರವಾಗಿ ನೆಟ್ಟಗೆ ನಿಂತದ್ದನ್ನು ಜೀವನದಲ್ಲಿ ಮೊದಲ ಸಲ ನೋಡಿದ್ದು ಆ ಸೊಳ್ಳೆಪರದೆಗಳ ನಡುವೆ. ಅತ್ತುಬಿಟ್ಟೆ. "ಅಳೋದನ್ನ ಅದು ಬರ್ಕೊಳ್ಳಲ್ಲ, ಮುಂದಕ್ಕೆ ಹೇಳು" ಎಂದರು ಸಿಸ್ಟರಮ್ಮ.

ಕಲಿಯಲು ತಿಂಗಳು ಹಿಡಿಯಿತು. ನಾವು ಮನೆಯಲ್ಲಿ ಆಡುವ ಮಾತು ಆ ಯಂತ್ರಕ್ಕೆ ಸರಿಯಾಗಿ ಹತ್ತುತ್ತಿರಲಿಲ್ಲ. "ನಿಮ್ಮತ್ತೆ ಹತ್ರ ಜಗಳ ಆಡ್ದಂಗೆ ಮಾತಾಡ್ಬೇಡ ಕಣಮ್ಮ, ವಾರ್ತೆ ಓದೋರ ಹಂಗೆ ಬಿಡಿಸಿ ಬಿಡಿಸಿ ಮಾತಾಡು" ಎಂದು ಹೇಳಿಕೊಟ್ಟರು. ಹಿತ್ತಿಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರೆ ನನ್ನ ಗಂಡ, "ಯಾರ್ ಜೊತೆಗ್ಲೇ ಮಾತಾಡ್ತಿದ್ದೀಯ, ಟೀವಿಯೋರ ಜೊತೆಗಾ?" ಎಂದು ನಗುತ್ತಿದ್ದ. ಒಮ್ಮೆ ಪೋಲಿಯೋ ವರದಿಯ ನಡುವೆ "ಆಡು ಅವರೆ ಗಿಡಕ್ಕೆ ಬಾಯಾಕ್ತೈತೆ, ಓಡ್ಸೇ" ಎಂದು ಅವನು ಕೂಗಿದ್ದೂ ಸೇರಿ, ಹಾಗೇ ತಾಲ್ಲೂಕಿಗೆಲ್ಲ ಹೋಗಿತ್ತು. ಎರಡು ಸಲ ಓದದೆ ಕಳಿಸಬೇಡ ಎಂಬ ಕಟ್ಟಪ್ಪಣೆ ಸಿಸ್ಟರಮ್ಮನಿಂದ ಅಂದೇ ಹೊರಟಿತು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ವರದಿ ಹಾಕಿದೆ, ಹಬ್ಬದ ಶುಭಾಶಯ ಹಾಕಿದೆ, ಬಾಣಂತಿಯರ ಊಟದ ಬಗ್ಗೆ ಇಷ್ಟುದ್ದ ಹಾಕಿದೆ. ಒಬ್ಬ ಡಾಕ್ಟರು ನಿವೃತ್ತರಾದಾಗ ಅವರ ಬಗ್ಗೆ ಹೇಳಿ ಹಾಕಿದ್ದನ್ನು ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಓದಿಸಿದರು. 'ನಮ್ಮ ತಾಲ್ಲೂಕಿನ ಬರಹಗಾರ್ತಿ' ಎಂದು ಶಾಲು ಹೊದಿಸಿದರು. ಫೋನಿಗೆ ಹೇಳಿ ಬರೆಸುತ್ತೇನೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹೆಬ್ಬೆಟ್ಟಕ್ಕ ಎಂದವರೇ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು. ಡೈರಿಯನ್ನು ಮಾತ್ರ ಮೊದಲಿನಂತೆ ಶನಿವಾರ ಸಿಸ್ಟರಮ್ಮನೇ ಬರೆಯುತ್ತಿದ್ದರು, ಏಕೆಂದರೆ ಅದು ಕೈಬರಹದಲ್ಲೇ ಇರಬೇಕಿತ್ತು.

ಒಂದು ದಿನ ತಪಾಸಣೆಗೆಂದು ಹಿರಿಯ ಅಧಿಕಾರಿಯೊಬ್ಬರು ಬಂದರು. ಡೈರಿಯಲ್ಲಿದ್ದ ಒಂದು ಮನೆಗೆ ಹೋಗಿ ವಿಚಾರಿಸಿದರೆ ಆ ಮನೆಯ ಅಜ್ಜಿ "ಯಾರೂ ಬಂದಿಲ್ಲ ಬುಡಿ ಸಾಮಿ" ಎಂದುಬಿಟ್ಟಿದ್ದಳು. ನಾನು ಹೋಗಿದ್ದೆ. ಅಜ್ಜಿ ಅಂದು ಸಿದ್ದರಬೆಟ್ಟಕ್ಕೆ ಹೋಗಿದ್ದಳು, ಸೊಸೆ ಒಬ್ಬಳೇ ಇದ್ದಳು, ಈಗ ಸೊಸೆ ತವರಿನಲ್ಲಿದ್ದಳು. ಅಧಿಕಾರಿ ಉಪಕೇಂದ್ರಕ್ಕೆ ಬಂದು ಡೈರಿ ತಿರುವಿದರು. ಇದು ಯಾರ ಅಕ್ಷರ ಎಂದರು. "ನಂದು ಸಾರ್" ಎಂದರು ಸಿಸ್ಟರಮ್ಮ.

ಅಧಿಕಾರಿ ನನ್ನ ಕಡೆ ತಿರುಗಿದರು. "ಗ್ರೂಪಲ್ಲಿ ಅಷ್ಟುದ್ದ ಬರೀತೀಯಲ್ಲಮ್ಮ. ನಿನ್ನ ಡೈರಿ ನೀನು ಬರೆಯೋಕೆ ಬರಲ್ವಾ?"

ಬರಲ್ಲ ಸಾರ್, ಫೋನು ಬರೀತದೆ, ಡೈರಿನ ನಾನು ಹೇಳ್ತೀನಿ, ಅವರು ಬರೀತಾರೆ. ಇಷ್ಟೇ ಹೇಳಬೇಕಿದ್ದದ್ದು. ಅಲ್ಲಿ ಇನ್ನೂ ನಾಲ್ವರು ಆಶಾಗಳು ಕೂತಿದ್ದರು. ಶಾಲು ಹೊದಿಸಿದ ದಿನ ಅವರೂ ಇದ್ದರು. ನನ್ನ ಬಾಯಿಂದ, "ಬರ್ತದೆ ಸಾರ್" ಎಂದು ಬಂತು.

"ಮತ್ಯಾಕೆ ಬರೀಲಿಲ್ಲ?"

"ಸಿಸ್ಟರಮ್ಮನೇ... ನಾನೇ ಬರ್ಕೊಂತೀನಿ ಕೊಡು ಅಂದ್ರು ಸಾರ್."

ಹೇಳಿದ್ದೇ ತಡ, ನನಗೆ ನಾನೇ ಹೇಸಿಗೆಯಾದೆ. ಹಾಗಾದರೆ ನರ್ಸು ಕೂತಲ್ಲೇ ಮನೆಗಳನ್ನು ಕಲ್ಪಿಸಿ ತುಂಬಿದ್ದಾರೆ ಎಂದು ಅದರ ಅರ್ಥವಾಗುತ್ತಿತ್ತು. ಸಿಸ್ಟರಮ್ಮ ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ, ಇನ್ನೇನಾದರೂ ಹೇಳುತ್ತೇನೇನೋ ಎಂದು ಕಾಯುವವರಂತೆ. ನಾನು ನೆಲ ನೋಡಿದೆ.

ಅಧಿಕಾರಿ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿ, ಪೆನ್ನು ಇಟ್ಟು, "ಈಗ ಹೇಳಿದ್ದನ್ನ ಬರೆದು ಸಹಿ ಹಾಕಿಕೊಡು" ಎಂದರು. ನಾನು ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡೆ, ಪೆನ್ನು ಮುಟ್ಟಲಿಲ್ಲ. ಆಗ ಸಿಸ್ಟರಮ್ಮ ಎದ್ದು ಬಂದು ಆ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅವಳನ್ನ ಯಾಕೆ ಬರ್ಸ್ತೀರಾ ಸಾರ್. ತಪ್ಪು ನಂದು, ನಾನೇ ಬರ್ಕೊಡ್ತೀನಿ" ಎಂದರು. ನಿಂತುಕೊಂಡೇ, ನನ್ನ ಡೈರಿ ಬರೆಯುವಷ್ಟೇ ದುಂಡಗೆ ಬರೆದರು. 'ಆಶಾ ಮನೆಗಳಿಗೆ ಹೋಗಿದ್ದಾರೆಯೇ ಎಂದು ವಿಚಾರಿಸದೆ ನಾನೇ ಡೈರಿ ತುಂಬಿದ್ದೇನೆ' ಎಂದು ಬರೆದು ಸಹಿ ಹಾಕಿದರು. ತೂಕ ಕಣ್ಣಾರ ನೋಡ್ದೇನಮ್ಮ ಎಂದು ಕೇಳಿ ಕೇಳಿ ನನ್ನನ್ನು ಬಿಸಿಲಿಗೆ ಅಟ್ಟುತ್ತಿದ್ದ ಹೆಂಗಸು ಅವರು.

ಅವರನ್ನು ಶಿರಾ ಕಡೆಯ ಒಂದು ಊರಿಗೆ ವರ್ಗ ಮಾಡಿದರು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ಮಂಡಿ ನೋವು ಬೇರೆ. ಹೊರಡುವ ದಿನ ನಾನು ಹೋಗುವುದೋ ಬೇಡವೋ ಎಂದು ಬೇಲಿಯ ಹಿಂದೆ ನಿಂತಿದ್ದೆ. ಅವರೇ ಕರೆದರು. "ಬಾರಮ್ಮ ಇಲ್ಲಿ. ಇನ್ಮೇಲೆ ಡೈರೀನೂ ಫೋನಿಗೆ ಹೇಳು, ಪ್ರಿಂಟ್ ತೆಗ್ಸಿ ಅಂಟ್ಸು. ಅದಕ್ಕೆ ಒಪ್ಪಬೇಕಂದ್ರೆ ನಿಂಗೆ ಬರೆಯೋಕಾಗಲ್ಲ ಅಂತ ತಾಲ್ಲೂಕಿನ ದೊಡ್ಡ ಡಾಕ್ಟ್ರಿಗೆ ಒಂದು ಮಾತು ಹೇಳ್ಬುಡು. ಏಂ ಕಾದುಲೇ." ನಾನು ತಲೆಯಾಡಿಸಿದೆ. ಹೇಳಲಿಲ್ಲ. ಡೈರಿಯನ್ನು ಮಗಳ ಕೈಯಲ್ಲಿ ಬರೆಸಿದೆ.

ಶಿರಾದಿಂದ, ಆಮೇಲೆ ನಿವೃತ್ತರಾಗಿ ಹೊಸಕೋಟೆಯಿಂದ, ಅವರ ಮೆಸೇಜು ಬರುತ್ತಿತ್ತು. 'ಊಟ ಆಯ್ತಾ', 'ಮಗಳು ಪಾಸಾದಳಾ'. ನಾನು ವಾರ್ತೆಯ ಕನ್ನಡದಲ್ಲಿ ಪುಟಗಟ್ಟಲೆ ಉತ್ತರ ಹೇಳಿ ಕಳಿಸುತ್ತಿದ್ದೆ. ಕೇಳಬೇಕಾದ ಒಂದು ಕ್ಷಮೆಯನ್ನು ಬಿಟ್ಟು ಜಗತ್ತಿನ ಎಲ್ಲ ಸುದ್ದಿಯೂ ಅದರಲ್ಲಿರುತ್ತಿತ್ತು. ಕೈಯಲ್ಲಿ ಬರೆಯುವ ನಿಮಗೆ ನಿಮ್ಮ ಭಾಗ್ಯ ಗೊತ್ತಿಲ್ಲ. ತಪ್ಪಾಯಿತು ಎಂಬುದನ್ನು ನೀವು ಯಾರಿಗೂ ಕೇಳದಂತೆ ಬರೆಯಬಹುದು. ನಾನು ಅದನ್ನು ಬಾಯಿಬಿಟ್ಟು, ಬಿಡಿಸಿ ಬಿಡಿಸಿ, ಜೋರಾಗಿ ಹೇಳಬೇಕು. ಅಡುಗೆಮನೆಯಲ್ಲಿ ಅತ್ತೆ, ನಡುಮನೆಯಲ್ಲಿ ಮಗಳು. ಎರಡು ಸಲ ಹೊಲಕ್ಕೆ ಹೋಗಿ ಹೇಳಿದೆ. ತೆರೆಯ ಮೇಲೆ ಅದು ಅಕ್ಷರವಾಗಿ ಮೂಡಿದ್ದನ್ನು ಓದಿದೆ. ಎರಡು ಸಲವೂ ಅಳಿಸಿದೆ.

ಹೋದ ವರ್ಷ ಗ್ರೂಪಿನಲ್ಲಿ ಅವರ ಫೋಟೋ ಬಂತು, ಹೂವಿನ ಚೌಕಟ್ಟಿನೊಳಗೆ. ಹೃದಯಾಘಾತವಂತೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ ಮೇಲೆ ಒಬ್ಬಳು, 'ಅಕ್ಕ, ನೀವೇ ನಾಲ್ಕು ಸಾಲು ಬರೀರಿ, ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ' ಎಂದು ಹಾಕಿದಳು. ನಾನು ಬರೆಸಿದೆ. ತಾಯಿಯಂಥವರು ಎಂದೆ, ಸೇವಾಜೀವಿ ಎಂದೆ. ಓದಿ ಕಣ್ಣೀರು ಬಂತು ಎಂದವರು ಹಲವರು. ಡೈರಿಯ ಸುದ್ದಿ ಅದರಲ್ಲಿರಲಿಲ್ಲ.

ತಿಥಿಯ ದಿನ ಹೊಸಕೋಟೆಗೆ ಹೋದೆ. ಅವರ ಮಗಳು ಬಲಸಮುದ್ರದ ಶಾಲೆಯಲ್ಲಿ ಟೀಚರು, ನನ್ನನ್ನು ಅಂದೇ ಮೊದಲು ನೋಡಿದ್ದು. ಹೆಸರು ಹೇಳುತ್ತಲೇ ಎರಡೂ ಕೈ ಹಿಡಿದುಕೊಂಡಳು. "ಆಂಟಿ, ನಿಮ್ಮ ಮೆಸೇಜು ಬಂದ್ರೆ ಅಮ್ಮ ನಮಗೆಲ್ಲ ಓದಿ ಹೇಳೋರು. ನೋಡ್ರೇ, ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬರೀತಾಳೆ ಅನ್ನೋರು" ಎಂದಳು.

ಸ್ವಂತ ಮಗಳಿಗೂ ಹೇಳಿರಲಿಲ್ಲ. ನನಗೆ ಬರೆಯಲು ಬರುವುದಿಲ್ಲ ಎಂಬುದನ್ನೂ, ಮಂಡಿ ನೋವಿಟ್ಟುಕೊಂಡು ಶಿರಾಕ್ಕೆ ಏಕೆ ಹೋಗಬೇಕಾಯಿತು ಎಂಬುದನ್ನೂ ಹೇಳಿರಲಿಲ್ಲ.

ಬಂದವರೆಲ್ಲ ಅಮ್ಮನ ಬಗ್ಗೆ ಬರೆಯಲಿ ಎಂದು ಆ ಹುಡುಗಿ ಒಂದು ಪುಸ್ತಕ ಇಟ್ಟಿದ್ದಳು. ಅದನ್ನು ತೆಗೆದು ನನ್ನ ಮುಂದೆ ಹಿಡಿದಳು. "ನನಗೆ ಬರೆಯೋಕೆ ಬರಲ್ಲ ಕಣಮ್ಮ" ಎಂದೆ. ಕೊನೆಗೂ ಬಾಯಿಂದ ಬಂತು. ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅಯ್ಯೋ ಆಂಟಿ, ನೀವೇ ಹಿಂಗಂದ್ರೆ ನಾವೇನು ಹೇಳೋದು!" ಆಗಲಾದರೂ ಹಿಡಿದು ಕೂರಿಸಿ ಹೇಳಬಹುದಿತ್ತು. ನಾನೂ ನಕ್ಕೆ. ಕನ್ನಡಕ ಮರೆತು ಬಂದಿದ್ದೇನೆ ಎಂದು ಹೇಳಿ ಪುಸ್ತಕ ವಾಪಸು ಕೊಟ್ಟೆ.

ಅದಕ್ಕೇ ಇದು. ಕೈಯಲ್ಲಿ ಬರೆದದ್ದಲ್ಲ, ಮನೆಯವರಿಗೆಲ್ಲ ಕೇಳುವಂತೆ ಫೋನಿಗೆ ಹೇಳಿದ್ದು. ಸಿಸ್ಟರಮ್ಮನ ಮಗಳೇ, ಬೇರೆ ಯಾರಿಗೂ ಮುಟ್ಟುವ ಮೊದಲು ಇದು ನಿನಗೆ ಮುಟ್ಟಬೇಕಮ್ಮ. ನನ್ನ ಡೈರಿಯಲ್ಲಿರುವ ಪ್ರತಿಯೊಂದು ಮನೆಗೂ ನಾನು ಹೋಗಿದ್ದೆ, ಪ್ರತಿಯೊಂದು ತೂಕವೂ ಕಣ್ಣಾರ ನೋಡಿದ್ದೇ. ಅಷ್ಟು ವರ್ಷ, ಅಷ್ಟು ಪುಟ ಬರೆದ ನಿನ್ನ ತಾಯಿ ಬರೆದ ಸುಳ್ಳು ಒಂದೇ ಒಂದು. ಅಂದು ಆ ಅಧಿಕಾರಿಗೆ ನಿಂತುಕೊಂಡೇ ಬರೆದುಕೊಟ್ಟ ಹಾಳೆ ಅದು, ಮತ್ತು ಅದನ್ನು ಬರೆಸಿದವಳು ನಾನು.