ಪಟ್ಟಿಯಲ್ಲಿಲ್ಲದ ಬಡಿತ

ಕಿವಿಯಣ್ಣ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ನೀರು ಸರಬರಾಜು ಇಲಾಖೆಯ ಜೊತೆಗಾರರು ಅಂಟಿಸಿದ್ದು. ರಸ್ತೆಯಡಿ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದೇ ಮೂವತ್ತೊಂದು ವರ್ಷ ಅವರ ಕೆಲಸ. ಸಲಕರಣೆ ಒಂದೇ: ಎದೆಯೆತ್ತರದ ಕಬ್ಬಿಣದ ಸಲಾಕೆ, ಅದರ ತುದಿಗೊಂದು ಮರದ ಬಟ್ಟಲು. ಸಲಾಕೆಯನ್ನು ನೆಲಕ್ಕೂರಿ, ಬಟ್ಟಲಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರೆಂದರೆ ಪಕ್ಕದಲ್ಲೇ ಲಾರಿ ಹೋದರೂ ಅಲುಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೂ ಚಟ ಹೋಗಲಿಲ್ಲ. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು, "ಮೇಲಿನ ಮನೆ ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ" ಅನ್ನುತ್ತಿದ್ದರು. ಮೇಲಿನ ಮನೆಯಲ್ಲಿ ಅತ್ತಿಗೆ. ಕಿವಿಯಣ್ಣ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಅಣ್ಣನ ಕೈಹಿಡಿದು ಬಂದವರು. "ನನ್ನ ಮನೇಲಿ ಹಲ್ಲಿ ಲೊಚಗುಟ್ಟಿದ್ರೂ ಇವನಿಗೆ ವರದಿ ಹೋಗತ್ತೆ," ಎಂದು ಮೆಟ್ಟಿಲ ಮೇಲಿಂದಲೇ ಗದರುತ್ತಿದ್ದರು.

ಬಡಾವಣೆಯವರಿಗೆ ವಿಪತ್ತು ತರಬೇತಿ ಶುರುವಾದಾಗ ಇಬ್ಬರೂ ಹೆಸರು ಕೊಟ್ಟರು. ವರ್ಷಕ್ಕೊಮ್ಮೆ, ಖಾಲಿ ಬಿದ್ದ ಹಳೆಯ ಗೋದಾಮೊಂದರಲ್ಲಿ, ಕಟ್ಟಡ ಕುಸಿದಿದೆ ಎಂದುಕೊಂಡು ಅಭ್ಯಾಸ. ಕೆಲವರು ಗಾಯಾಳುಗಳಾಗಿ ಅಲ್ಲಲ್ಲಿ ಅಡಗಿ ಕೂರಬೇಕು, ಉಳಿದವರು ಹುಡುಕಿ ಹೊರತರಬೇಕು. ಗಾಯಾಳುಗಳು ಮೊಬೈಲು ಇಟ್ಟುಕೊಳ್ಳುವಂತಿಲ್ಲ, ಕೂಗುವಂತಿಲ್ಲ. ಕೂಗಿದರೆ ಉಸಿರು ದಂಡ. ಹೊರಗಿನಿಂದ ಪೈಪಿನ ಮೇಲೆ ಮೂರು ಬಡಿತ ಬಂದರೆ ಒಳಗಿನಿಂದ ಮೂರು ಬಡಿಯಬೇಕು. ಕೇಳುವ ಕೆಲಸ ಕಿವಿಯಣ್ಣನದು. ಅತ್ತಿಗೆ ಮೂರು ವರ್ಷವೂ ಗಾಯಾಳು, ಮೂರು ವರ್ಷವೂ ನೆಲಮಾಳಿಗೆಯ ಪಂಪಿನ ಕೋಣೆಯಲ್ಲೇ ಜಾಗ. ಹಣೆಗೆ ಕೆಂಪು ಬಣ್ಣ ಮೆತ್ತಿಕೊಂಡು ನರಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಮೂರನೇ ವರ್ಷ ಒಂದು ಎಡವಟ್ಟಾಯಿತು. ಹಿಂದಿನ ಗೋಡೆಯಾಚೆ ಬಡಿತ ಕೇಳುತ್ತಿದೆ ಎಂದು ಕಿವಿಯಣ್ಣ ಹಟ ಹಿಡಿದರು. ಅರ್ಧ ದಿನ ಗೋಡೆ ಒಡೆಸಿದ ಮೇಲೆ ಸಿಕ್ಕಿದ್ದು ಗಾಳಿಗೆ ಬಡಿದುಕೊಳ್ಳುತ್ತಿದ್ದ ಒಂದು ತಗಡು. ಔಷಧಿ ಅಂಗಡಿಯವನು ಆ ತಗಡಿಗೆ ಪ್ರಥಮ ಚಿಕಿತ್ಸೆ ಮಾಡಿ ಎಲ್ಲರನ್ನೂ ನಗಿಸಿದ. ತರಬೇತಿ ಕೊಡುವ ಅಧಿಕಾರಿ ನಗಲಿಲ್ಲ. ಅಗ್ನಿಶಾಮಕ ದಳದಲ್ಲಿ ಕೂದಲು ನರೆಸಿದವರು. "ಇನ್ನು ಮೇಲೆ ಮೂರಕ್ಕೆ ಎರಡು ಬಡಿಯೋದು," ಎಂದು ನಿಯಮ ಬದಲಿಸಿದರು. "ಮೂರಕ್ಕೆ ಮೂರು ಬಂದ್ರೆ ಪ್ರತಿಧ್ವನಿ. ಇನ್ನೊಂದು ಸಲ ಹೀಗಾದ್ರೆ, ಯಜಮಾನ್ರೇ, ಹೆಲ್ಮೆಟ್ಟು ವಾಪಸ್ ಕೊಟ್ಬಿಡಿ."

ನಾಲ್ಕನೇ ವರ್ಷದ ಅಭ್ಯಾಸದ ದಿನ ಬೆಳಿಗ್ಗೆ ಅತ್ತಿಗೆ ಮೇಲಿನಿಂದ ಕೂಗಿದರು: "ಮಂಡಿ ಹಿಡ್ಕೊಂಡಿದೆ ಕಣೋ, ನಾನು ಬರಲ್ಲ. ಈ ವರ್ಷ ಬೇರೆ ಯಾರಾದ್ರೂ ಸಾಯ್ಲಿ." ಕಿವಿಯಣ್ಣ ಹೋಗಿ ಹೇಳಿದರು, ಅಧಿಕಾರಿ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಉಳಿದದ್ದು ಏಳು ಗಾಯಾಳುಗಳು. ಎಂಟು ಗಂಟೆಗೆ ಔಷಧಿ ಅಂಗಡಿಯವನು ಟಾರ್ಚು ಹಿಡಿದು ನೆಲಮಾಳಿಗೆಯೆಲ್ಲ ನೋಡಿ ಬಂದ. ಅಲ್ಲಿ ಈ ಸಲ ಯಾರನ್ನೂ ಕೂರಿಸುವುದಿಲ್ಲ. ಹನ್ನೊಂದೂವರೆಗೆ ಎರಡು ಟ್ಯಾಂಕರ್ ನೀರು ತುಂಬಿಸಿ, ಪ್ರವಾಹದ ನೀರು ಹೊರಹಾಕುವ ಅಭ್ಯಾಸ ಮಾಡುವುದಿತ್ತು.

ಹುಡುಕಾಟ ಚೆನ್ನಾಗಿಯೇ ನಡೆಯಿತು. ಅಧಿಕಾರಿ ಸೀಟಿ ಊದಿದಾಗಲೆಲ್ಲ ನಲವತ್ತು ಜನ ಉಸಿರು ಬಿಗಿಹಿಡಿದು ನಿಂತರು. ಕಿವಿಯಣ್ಣ ಬಡಿದರು, ಎರಡೆರಡು ಬಡಿತ ಬಂತು. ಹನ್ನೊಂದಕ್ಕೆ ಏಳನೆಯವನನ್ನು ಹೊತ್ತು ತಂದರು. ಪಟ್ಟಿ ಪೂರ್ತಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸೋರಿಕೆ ಸರಿಮಾಡಿದ ಮೇಲೆ ಇನ್ನೊಮ್ಮೆ ಕೇಳಿಯೇ ಗುಂಡಿ ಮುಚ್ಚುವುದು ಇಲಾಖೆಯಲ್ಲಿ ಕಿವಿಯಣ್ಣ ಬೆಳೆಸಿಕೊಂಡ ರೂಢಿ. ಜನ ಚಹಾದ ಕಡೆ ಸರಿಯುತ್ತಿದ್ದಾಗ ಅವರು ಸುಮ್ಮನೆ, ಮಹಡಿಯಿಂದ ನೆಲಮಾಳಿಗೆಗೆ ಇಳಿದಿದ್ದ ತುಕ್ಕು ಪೈಪಿಗೆ ಮೂರು ಬಡಿದು ಬಟ್ಟಲಿಗೆ ಕಿವಿ ಇಟ್ಟರು.

ಟಕ್. ಟಕ್. ಟಕ್.

ಕಿವಿಯಣ್ಣ ಬಟ್ಟಲಿಗೆ ಕಿವಿ ಒತ್ತಿದರು. ಮತ್ತೆ ಬಡಿದರು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೂರು.

"ಸರ್, ಕೆಳಗೆ ಯಾರೋ ಇದಾರೆ."

ಅಧಿಕಾರಿ ಬಂದು ಬಟ್ಟಲಿಗೆ ತಾವೇ ಕಿವಿ ಕೊಟ್ಟರು. ಕಿವಿಯಣ್ಣ ಬಡಿದರು. ಅಧಿಕಾರಿ ನೆಟ್ಟಗಾಗಿ ಪಟ್ಟಿ ತೋರಿಸಿದರು. "ಕೇಳಿಸ್ತು, ಇಲ್ಲ ಅನ್ನಲ್ಲ. ಮೂರಕ್ಕೆ ಮೂರು. ಮನುಷ್ಯ ಇದ್ದಿದ್ರೆ ಎರಡು ಬರ್ಬೇಕಿತ್ತು. ಏಳು ಜನ ಹೋದ್ರು, ಏಳು ಜನ ಬಂದ್ರು."

"ಕಿವಿಯಣ್ಣ, ತಗಡಿನ ತಂಗಿ ಇರ್ಬೇಕು ನೋಡಿ," ಎಂದ ಔಷಧಿ ಅಂಗಡಿಯವನು. ಒಂದಿಬ್ಬರು ನಕ್ಕರು.

ಟ್ಯಾಂಕರಿನವನು ಕೊಳವೆಯನ್ನು ನೆಲಮಾಳಿಗೆಯ ಕಿಂಡಿಗೆ ಇಳಿಬಿಟ್ಟ. ಕಿವಿಯಣ್ಣ ಮತ್ತೊಮ್ಮೆ ಬಡಿದರು. ಈ ಸಲ ಎರಡು ಬಡಿತ ಸ್ಪಷ್ಟವಾಗಿ ಬಂದವು. ಮೂರನೆಯದಕ್ಕೆ ಕಾಯಬೇಕಾಯಿತು. ಬಂದಾಗ ಅದು ಬಡಿತವಾಗಿರಲಿಲ್ಲ. ಪೈಪಿನ ಮೇಲೆ ಏನೋ ಜಾರಿ ಗೀಚಿದ ಸದ್ದು.

ತಾನು ತಪ್ಪಿದರೆ ಹೋಗುವುದು ಹೆಲ್ಮೆಟ್ಟು. ಸರಿಯಿದ್ದರೆ? ಕೊಳವೆ ಉಬ್ಬಿತು. ನೀರು ಬಿದ್ದ ಮೊರೆತ ಬಟ್ಟಲನ್ನು ತುಂಬಿತು. ಅದರಾಚೆ ಇನ್ನೇನೂ ಕೇಳಿಸಲಿಲ್ಲ.

"ಪ್ರತಿಧ್ವನಿಗೆ ಕೈ ಸೋಲಲ್ಲ, ಸರ್," ಎಂದು ಸಲಾಕೆ ಕೆಳಗೆ ಹಾಕಿ ಮೆಟ್ಟಿಲಿನತ್ತ ನಡೆದರು. "ನೀರು ನಿಲ್ಲಿಸ್ರೀ!" ಎಂದು ಟ್ಯಾಂಕರಿನವನಿಗೆ ಕೂಗಿದರು. ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಪಟ್ಟಿಯನ್ನೇ ನೋಡುತ್ತಿದ್ದರು, ಇನ್ನೊಮ್ಮೆ ಎಣಿಸುವವರಂತೆ.

ಕೆಳಗೆ ಪಾದ ಮುಳುಗುವಷ್ಟು ನೀರು ಆಗಲೇ ಹರಡಿತ್ತು. ಹಿಂಬಾಗಿಲ ಮೆಟ್ಟಿಲಿಂದ ಇಳಿದು ಬಂದಿದ್ದ ಧೂಳಿನ ಹೆಜ್ಜೆಗಳು ಕೊನೆಯ ಮೆಟ್ಟಿಲಲ್ಲಿ ನೀರಿಗೆ ಕರಗುತ್ತಿದ್ದವು. ಚಿಕ್ಕ ಪಾದ, ಒಂದು ಕಾಲು ಎಳೆದುಕೊಂಡು ನಡೆದದ್ದು. ಆ ನಡಿಗೆಯನ್ನು ಅವರು ತಮ್ಮ ಮನೆಯ ಸೂರಿನ ಮೇಲೆ ದಿನವೂ ಕೇಳಿಸಿಕೊಳ್ಳುತ್ತಿದ್ದರು.

ಪಂಪಿನ ಕೋಣೆಯ ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಎಳೆದು ತೆರೆದರು. ಒಳಮೈಯಲ್ಲಿ ಹಿಡಿಯೇ ಇರಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ಅತ್ತಿಗೆ ಕೂತಿದ್ದರು, ಕೈಯಲ್ಲೊಂದು ಕಲ್ಲು. ಹಣೆಯಿಂದ ಗಲ್ಲದವರೆಗೆ ಕೆಂಪು ಇಳಿದು ಒಣಗಿತ್ತು. ಬಣ್ಣವೋ ಬೇರೆಯೋ ತಿಳಿಯದೆ ಕಿವಿಯಣ್ಣ ಕೈಚಾಚಿ ಮುಟ್ಟಿದರು. ಬಣ್ಣ. ಅದರಡಿಯ ಚರ್ಮ ಮಂಜುಗಡ್ಡೆಯಂತಿತ್ತು.

"ಮಂಡಿ ಸ್ವಲ್ಪ ಹಗುರಾಯ್ತು. ನಾನಿಲ್ದೆ ಹೇಗ್ಮಾಡ್ತೀರಿ ಅಂತ ಹಿಂದಿನಿಂದ್ಲೇ ಬಂದು ನನ್ನ ಜಾಗದಲ್ಲಿ ಕೂತೆ," ಎಂದರು ಅತ್ತಿಗೆ. ತುಟಿ ಅದುರುತ್ತಿತ್ತು. "ಬಾಗಿಲು ಮುಚ್ಕೊಂಡ್ಬಿಡ್ತು. ಕೂಗ್ಲಿಲ್ಲ ನೋಡು. ಈ ಪೈಪಿಗೆ ನೀನು ಬಡಿದಾಗೆಲ್ಲ ಬಡಿದೆ, ಯಾವಾಗ್ಲಿನ ಹಾಗೆ ಮೂರಕ್ಕೆ ಮೂರು."

"ಏಳಿ ಅತ್ತಿಗೆ, ನೀರು ಬರ್ತಿದೆ."

ಅವರು ಏಳಲಿಲ್ಲ. ಪೈಪಿನತ್ತ ತಲೆ ವಾಲಿಸಿ ಕೂತೇ ಇದ್ದರು. "ಇದಕ್ಕೆ ಕಿವಿ ಕೊಟ್ರೆ ಮೇಲಿಂದೆಲ್ಲ ಕೇಳತ್ತೆ ಕಣೋ. ಏಳೂ ಜನ ಸಿಕ್ಕಿದ್ರು ಅಂದ್ರು. ಎಲ್ರೂ ಚಪ್ಪಾಳೆ ಹೊಡೆದ್ರಿ." ಕಣ್ಣೆತ್ತಿ ನೋಡಿದರು. "ನೀನೂ ಹೊಡೆದ್ಯಾ?"

"ಹೊಡೆದೆ, ಅತ್ತಿಗೆ," ಎಂದು ಕಿವಿಯಣ್ಣ ಅವರನ್ನು ಬೆನ್ನಿಗೆ ಹಾಕಿಕೊಂಡರು. ಕಿಂಡಿಯಿಂದ ನೀರು ಇನ್ನೂ ಸುರಿಯುತ್ತಲೇ ಇತ್ತು.